ವೇಗದ ಬ್ಲೇಡ್, ಉದ್ದ ಹೋದ ಪುಶ್: ಒಬ್ಬ ಜೂನಿಯರ್ ಆಟಗಾರ್ತಿಯ ಪ್ರಕರಣ

ಈ ಪ್ರಕರಣ ಹದಿಮೂರು ವರ್ಷದ ಒಬ್ಬ ಹುಡುಗಿಯದು. ಬೆಂಗಳೂರಿನ ಒಂದು ಕ್ಲಬ್‌ನಲ್ಲಿ ನನ್ನ ಹತ್ತಿರ ಟೇಬಲ್ ಟೆನಿಸ್ ಕಲಿಯುತ್ತಾಳೆ. ಅವಳೂ ಅವಳ ತಂದೆಯೂ ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಹೆಸರು, ಕ್ಲಬ್, ಟೂರ್ನಮೆಂಟ್ ಯಾವುದನ್ನೂ ಹೇಳುವುದಿಲ್ಲ. ಅವಳನ್ನು ಹುಡುಗಿ ಅಂತಲೇ ಕರೆಯುತ್ತೇನೆ. ಅವಳು ಆಡಿದ ಬ್ಲೇಡ್‌ಗಳ (ಬ್ಲೇಡ್ ಅಂದರೆ ರಬ್ಬರ್ ಬಿಟ್ಟು ಉಳಿಯುವ ಬ್ಯಾಟಿನ ಮರದ ಭಾಗ) ಕಂಪನಿ ಹೆಸರೂ ಇಲ್ಲಿ ಬೇಡ. ನಮಗೆ ಬೇಕಾಗಿರುವುದು ಮರ, ಪದರ, ತೂಕ, ಹಿಡಿ ಮಾತ್ರ.

ಬ್ಯಾಟ್ ಬದಲಿಸಿದ ಮೇಲೆ ಆಟ ಕೆಟ್ಟಿತು ಅನ್ನುವ ದೂರು ಪ್ರತಿ ಕ್ಲಬ್‌ನಲ್ಲೂ ಕೇಳುತ್ತದೆ. ಯಾವ ಭಾಗದಿಂದ ಯಾವ ಹೊಡೆತ ಕೆಟ್ಟಿತು ಅಂತ ಬಿಡಿಸಿ ನೋಡುವುದು ಮಾತ್ರ ಅಪರೂಪ. ಇವಳ ವಿಷಯದಲ್ಲಿ ಹಳೆ ಬ್ಯಾಟ್ ಇನ್ನೂ ಮನೆಯಲ್ಲಿತ್ತು, ಹಳೆ ವಿಡಿಯೋಗಳೂ ಇದ್ದವು. ಹಾಗಾಗಿ ಬಿಡಿಸಿ ನೋಡಲು ಆಯಿತು.

ಹಳೆ ಬ್ಯಾಟ್, ಹಳೆ ಆಟ

ಹುಡುಗಿ ಒಂಬತ್ತನೇ ವಯಸ್ಸಿಗೆ ಆಟ ಶುರು ಮಾಡಿದಳು. ಶೇಕ್‌ಹ್ಯಾಂಡ್ ಹಿಡಿತ, ಅಂದರೆ ಕೈಕುಲುಕುವ ಹಾಗೆ ಬ್ಯಾಟ್ ಹಿಡಿಯುವುದು. ಎರಡೂ ಕಡೆ ನುಣುಪು ಮೈಯ ರಬ್ಬರ್. ಅವಳ ದೊಡ್ಡ ಬಲ ರಿಸೀವ್, ಅಂದರೆ ಎದುರಾಳಿಯ ಸರ್ವಿಸನ್ನು ವಾಪಸ್ ಕೊಡುವುದು. ಎದುರಾಳಿ ನೆಟ್ ಹತ್ತಿರ ಬ್ಯಾಕ್‌ಸ್ಪಿನ್ (ಚೆಂಡು ಹಿಮ್ಮುಖವಾಗಿ ತಿರುಗುವ) ಸರ್ವಿಸ್ ಹಾಕಿದರೆ ಅಷ್ಟೇ ಚಿಕ್ಕದಾಗಿ ಪುಶ್ ಮಾಡಿ, ಅಂದರೆ ಚೆಂಡಿನ ಅಡಿಗೆ ಬ್ಯಾಟನ್ನು ಮೆಲ್ಲಗೆ ಸವರಿ, ವಾಪಸ್ ಕೊಡುತ್ತಿದ್ದಳು. ಚೆಂಡು ಆ ಕಡೆ ಟೇಬಲ್ ಮೇಲೆ ಎರಡು ಸಲ ಪುಟಿಯುವಷ್ಟು ಚಿಕ್ಕದು. ಎದುರಿನವರು ಅಟ್ಯಾಕ್ ಮಾಡಲು ಆಗದೆ ಉದ್ದ ಪುಶ್ ಮಾಡುತ್ತಿದ್ದರು. ಅದಕ್ಕೇ ಕಾಯುತ್ತಿದ್ದ ಇವಳು ಫೋರ್‌ಹ್ಯಾಂಡ್‌ನಿಂದ ಲೂಪ್ (ಕೆಳಗಿಂದ ಮೇಲಕ್ಕೆ ಸವರಿ ಟಾಪ್‌ಸ್ಪಿನ್, ಅಂದರೆ ಮುಮ್ಮುಖ ಸ್ಪಿನ್ ಕೊಡುವ ಹೊಡೆತ) ಎತ್ತುತ್ತಿದ್ದಳು. ವಯಸ್ಸಿಗೆ ಮೀರಿದ ತಾಳ್ಮೆ ಅದು. ನನಗೆ ಅವಳ ಆಟದಲ್ಲಿ ಅತಿ ಇಷ್ಟವಾದದ್ದೂ ಅದೇ.

ಕೊರತೆಯೂ ಇತ್ತು. ಲೂಪ್‌ನಲ್ಲಿ ಸ್ಪಿನ್ ಚೆನ್ನಾಗಿತ್ತು, ವೇಗ ಇರಲಿಲ್ಲ. ತನಗಿಂತ ಎರಡು ಮೂರು ವರ್ಷ ದೊಡ್ಡ ಹುಡುಗಿಯರು ಅದನ್ನು ಆರಾಮಾಗಿ ಬ್ಲಾಕ್ ಮಾಡುತ್ತಿದ್ದರು, ಅಂದರೆ ಬ್ಯಾಟ್ ಅಡ್ಡ ಹಿಡಿದು ವಾಪಸ್ ಕಳಿಸುತ್ತಿದ್ದರು.

ಆಗ ಅವಳ ಕೈಯಲ್ಲಿದ್ದದ್ದು ಐದು ಪದರದ ಪೂರ್ತಿ ಮರದ ಬ್ಲೇಡ್. ಹೊರಗೆ ಲಿಂಬಾ ಮರ, ನಡುವೆ ಅಯೂಸ್ ಮರ. ದಪ್ಪ ಐದೂವರೆ ಮಿಲಿಮೀಟರ್‌ನಷ್ಟು, ತೂಕ 80 ಗ್ರಾಂ ಆಸುಪಾಸು. ಪೆಟ್ಟಿಗೆ ಮೇಲೆ ಆಲ್‌ರೌಂಡ್ ಅಂತ ಬರೆದಿರುವ ವರ್ಗದ್ದು. ಸ್ಟಿಗಾ ಕಂಪನಿಯ ಆಲ್‌ರೌಂಡ್ ಕ್ಲಾಸಿಕ್ ಬ್ಲೇಡ್ ನೋಡಿದವರಿಗೆ ಈ ಜಾತಿ ಗೊತ್ತಿರುತ್ತದೆ. ಎರಡೂ ಕಡೆ ರಬ್ಬರ್, ಅದರ ಕೆಳಗಿನ ಸ್ಪಾಂಜ್ ಪದರ 1.8 ಮಿಲಿಮೀಟರ್. ಇಡೀ ಬ್ಯಾಟ್ 165 ಗ್ರಾಂ ದಾಟುತ್ತಿರಲಿಲ್ಲ.

ಬದಲಾವಣೆ ಆದದ್ದು ಹೀಗೆ. ರಾಜ್ಯ ಮಟ್ಟದ ಒಂದು ಪಂದ್ಯದಲ್ಲಿ ಅವಳು ದೊಡ್ಡ ಹುಡುಗಿಯೊಬ್ಬಳ ಎದುರು ಐದನೇ ಗೇಮ್‌ನಲ್ಲಿ ಸೋತಳು. ಒಂದೇ ರ‍್ಯಾಲಿಯಲ್ಲಿ ಮೂರು ಲೂಪ್ ಹಾಕಿದರೂ ಮೂರೂ ವಾಪಸ್ ಬಂದವು. ನಾಲ್ಕನೆಯದು ನೆಟ್‌ಗೆ ಹೋಯಿತು. ಗ್ಯಾಲರಿಯಲ್ಲಿ ಕೂತಿದ್ದ ತಂದೆಗೆ ಅದು ಸಂಕಟ ತಂದಿತು. ಎದುರಾಳಿಯ ಕೈಯಲ್ಲಿ ಕಾರ್ಬನ್ ಬ್ಲೇಡ್, ಅಂದರೆ ಮರದ ಪದರಗಳ ನಡುವೆ ಕಾರ್ಬನ್ ನಾರು ಸೇರಿಸಿದ ವೇಗದ ಬ್ಲೇಡ್ ಇತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಮಹಿಳಾ ತಂಡ ಕ್ವಾರ್ಟರ್ ಫೈನಲ್ ತಲುಪಿತು, ತಂಡದಲ್ಲಿ ಬೆಂಗಳೂರಿನ ಅರ್ಚನಾ ಕಾಮತ್ ಇದ್ದರು. ಆಮೇಲೆ ನಮ್ಮಲ್ಲಿ ಅಪ್ಪ ಅಮ್ಮಂದಿರು ಯಾರ ಕೈಯಲ್ಲಿ ಯಾವ ಬ್ಯಾಟ್ ಇದೆ ಅಂತ ಬಹಳ ಗಮನವಿಟ್ಟು ನೋಡುತ್ತಾರೆ. ಆಟದ ಮೇಲಿನ ಪ್ರೀತಿಯಿಂದಲೇ ನೋಡುತ್ತಾರೆ. ಈ ತಂದೆಯೂ ಹಾಗೇ. ಮಗಳ ಹುಟ್ಟುಹಬ್ಬಕ್ಕೆ ಕಾರ್ಬನ್ ಬ್ಲೇಡ್ ತಂದರು. ಜೊತೆಗೆ ಹೊಸ ಬಗೆಯ ಎರಡು ರಬ್ಬರ್, ಸ್ಪಾಂಜ್ ಎರಡೂ ಕಡೆ ಮ್ಯಾಕ್ಸ್, ಅಂದರೆ ಸಿಗುವುದರಲ್ಲಿ ಅತಿ ದಪ್ಪದ್ದು. ಅಂಗಡಿಯಲ್ಲೇ ಅಂಟಿಸಿಕೊಂಡು ಬಂದರು. ಬ್ಲೇಡ್, ರಬ್ಬರ್, ಸ್ಪಾಂಜ್ ದಪ್ಪ, ತೂಕ, ಹಿಡಿಯ ಆಕಾರ ಎಲ್ಲ ಒಂದೇ ದಿನ ಬದಲಾದವು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬ್ಲೇಡ್ ಒಳಗೆ ಏನಿರುತ್ತದೆ

ಗೊತ್ತಿರುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಬ್ಯಾಟ್ ಯಾವ ಅಳತೆ, ಆಕಾರ, ತೂಕದ್ದಾದರೂ ಇರಬಹುದು. ಬ್ಲೇಡ್ ಮಾತ್ರ ಚಪ್ಪಟೆಯಾಗಿ, ಗಟ್ಟಿಯಾಗಿರಬೇಕು. ಅದರ ದಪ್ಪದಲ್ಲಿ ಕನಿಷ್ಠ 85% ನೈಸರ್ಗಿಕ ಮರ ಇರಲೇಬೇಕು. ನಡುವಿನ ಅಂಟಿನ ಪದರಕ್ಕೆ ಕಾರ್ಬನ್, ಗ್ಲಾಸ್ ಫೈಬರ್‌ನಂಥ ನಾರು ಸೇರಿಸಬಹುದು. ಅಂಥ ಒಂದು ಪದರ ಒಟ್ಟು ದಪ್ಪದ 7.5% ಅಥವಾ 0.35 ಮಿಲಿಮೀಟರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವ ಹಾಗಿಲ್ಲ. ಅಂದರೆ ಕಾರ್ಬನ್ ಬ್ಲೇಡ್ ಅಂದರೂ ಅದು ಬಹುಪಾಲು ಮರವೇ. ಅಷ್ಟು ತೆಳು ನಾರು ಇಷ್ಟು ವ್ಯತ್ಯಾಸ ಮಾಡುತ್ತದೆ ಅನ್ನುವುದೇ ಆಶ್ಚರ್ಯ.

ಆ ನಾರು ಎಲ್ಲಿದೆ ಅನ್ನುವುದು ಮುಖ್ಯ. ಹೊರಪದರದ ಕೆಳಗೇ ಇದ್ದರೆ ಚೆಂಡು ಬ್ಯಾಟಿಂದ ಬೇಗ ಚಿಮ್ಮುತ್ತದೆ, ಮೆಲ್ಲಗೆ ತಾಗಿಸಿದರೂ ಅದರ ಬಿರುಸು ಗೊತ್ತಾಗುತ್ತದೆ. ನಡುವಿನ ಮರಕ್ಕೆ ಅಂಟಿಕೊಂಡಿದ್ದರೆ ಸಣ್ಣ ಹೊಡೆತದಲ್ಲಿ ಮರದ ಹಾಗೇ ಇರುತ್ತದೆ, ಜೋರಾಗಿ ಹೊಡೆದಾಗ ಮಾತ್ರ ಕಾರ್ಬನ್ ಕೆಲಸ ಶುರು ಮಾಡುತ್ತದೆ. ಹುಡುಗಿಗೆ ಬಂದದ್ದು ಮೊದಲನೆಯದು. ಹೊರಗೆ ಕೊಟೊ ಮರ, ಲಿಂಬಾಗಿಂತ ಗಟ್ಟಿ. ಅದರ ಕೆಳಗೇ ಅರಿಲೇಟ್ ಅನ್ನುವ ಕೃತಕ ನಾರು ಮತ್ತು ಕಾರ್ಬನ್ ಹೆಣೆದ ಪದರ. ಒಳ್ಳೆಯ ಜೋಡಣೆ. 2012ರಲ್ಲಿ ಲಂಡನ್ ಒಲಿಂಪಿಕ್ಸ್ ಚಿನ್ನ ಗೆದ್ದ ಜಾಂಗ್ ಜಿಕೆ ಆಡಿದ್ದು ಇದೇ ಜಾತಿಯ ಬ್ಲೇಡಿನಲ್ಲಿ. ಬ್ಲೇಡಿನಲ್ಲಿ ಕೊರತೆ ಇತ್ತು ಅಂತ ಯಾರೂ ಓದಿಕೊಳ್ಳಬಾರದು.

ಪೆಟ್ಟಿಗೆ ಮೇಲಿನ ವೇಗ, ಕಂಟ್ರೋಲ್ ಅಂಕಗಳ ಬಗ್ಗೆಯೂ ಒಂದು ಮಾತು. ಎಲ್ಲ ಕಂಪನಿಗಳೂ ಒಪ್ಪಿಕೊಂಡ ಅಳತೆಗೋಲು ಅಂತ ಒಂದಿಲ್ಲ. ಒಂದು ಕಂಪನಿಯ ಅಂಕವನ್ನು ಇನ್ನೊಂದರ ಜೊತೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಆಲ್‌ರೌಂಡ್, ಆಫ್ ಮೈನಸ್, ಆಫ್, ಆಫ್ ಪ್ಲಸ್ ಅಂತ ನಿಧಾನದಿಂದ ವೇಗದ ಕಡೆಗೆ ಹೋಗುವ ವರ್ಗಗಳೂ ಅಂದಾಜಿಗೆ ಮಾತ್ರ.

ಏನು ಕೆಟ್ಟಿತು

ಮೊದಲ ಕೆಲವು ದಿನ ಎಲ್ಲರಿಗೂ ಖುಷಿ. ಫೋರ್‌ಹ್ಯಾಂಡ್ ಡ್ರೈವ್ ಪ್ರಾಕ್ಟೀಸ್‌ನಲ್ಲಿ ಚೆಂಡು ಟಕ್ ಟಕ್ ಅಂತ ಹೋಗುತ್ತಿತ್ತು. ಬ್ಯಾಕ್‌ಹ್ಯಾಂಡ್ ಬ್ಲಾಕ್ ಮೊದಲಿಗಿಂತ ಚೆನ್ನಾಗಿತ್ತು. ಪಕ್ಕದ ಟೇಬಲ್‌ನವರು ಆಟ ನಿಲ್ಲಿಸಿ ನೋಡುತ್ತಿದ್ದರು. ಆದರೆ ಕ್ಲಬ್‌ನ ವಾರದ ಪಂದ್ಯಗಳಲ್ಲಿ ಅವಳು ಸೋಲತೊಡಗಿದಳು. ಸುಲಭವಾಗಿ ಗೆಲ್ಲುತ್ತಿದ್ದವರ ಎದುರೂ ಸೋತಳು.

ಪ್ರಾಕ್ಟೀಸ್‌ನಲ್ಲಿ ಚೆನ್ನಾಗಿದ್ದು ಪಂದ್ಯದಲ್ಲಿ ಕೆಟ್ಟರೆ ನಾವು ಸಾಮಾನ್ಯವಾಗಿ ಮನಸ್ಸನ್ನು ದೂರುತ್ತೇವೆ. ಧೈರ್ಯ ಸಾಲದು, ಟೆನ್ಷನ್ ಜಾಸ್ತಿ ಅನ್ನುತ್ತೇವೆ. ಇಲ್ಲಿ ಕಾರಣ ಬೇರೆ ಇತ್ತು. ಪ್ರಾಕ್ಟೀಸ್‌ನ ಬಹುಪಾಲು ಒಂದೇ ಲಯದ ಟಾಪ್‌ಸ್ಪಿನ್, ಅಂಥ ಆಟಕ್ಕೆ ವೇಗದ ಬ್ಲೇಡ್ ಹೇಳಿ ಮಾಡಿಸಿದ್ದು. ಪಂದ್ಯದ ಪ್ರತಿ ಪಾಯಿಂಟ್ ಶುರುವಾಗುವುದು ಸರ್ವಿಸ್, ರಿಸೀವ್‌ನಿಂದ. ಅಲ್ಲಿ ಬೇಕಾಗಿರುವುದು ಮೆತ್ತಗಿನ ಕೈ.

ನೋಟ್‌ಬುಕ್ ಹಿಡಿದು ಪಂದ್ಯ ನೋಡಿದೆ. ಎರಡು ವಿಷಯ ಸ್ಪಷ್ಟವಾಯಿತು. ಒಂದು, ಅವಳ ಪುಶ್ ಚಿಕ್ಕದಾಗಿ ನಿಲ್ಲುತ್ತಿರಲಿಲ್ಲ. ಟೇಬಲ್‌ನ ಒಂದು ಅರ್ಧ 137 ಸೆಂಟಿಮೀಟರ್. ಮೊದಲು ಅದರ ನೆಟ್ ಕಡೆಯ ಭಾಗದಲ್ಲೇ ಮುಗಿಯುತ್ತಿದ್ದ ಚೆಂಡು ಈಗ ಅಂಚು ದಾಟಿ ಎದುರಾಳಿಯ ಫೋರ್‌ಹ್ಯಾಂಡ್‌ಗೆ ಸಿಗುತ್ತಿತ್ತು. ಎರಡು, ಬ್ಯಾಕ್‌ಸ್ಪಿನ್ ಚೆಂಡಿಗೆ ಅವಳು ಹಾಕುವ ಲೂಪ್ ಮೊದಲು ನೆಟ್‌ಗೆ ಹೋಗುತ್ತಿತ್ತು, ಅದನ್ನು ಸರಿ ಮಾಡಲು ಹೋದಾಗ ಟೇಬಲ್ ಆಚೆ ಹೋಗುತ್ತಿತ್ತು. ನಡುವಿನದೇ ಸಿಗುತ್ತಿರಲಿಲ್ಲ.

ಒಗ್ಗಿಕೊಳ್ಳಲಿ ಅಂತ ಬಿಟ್ಟದ್ದು

ಜೊತೆಗೆ ಕಲಿಸುವ ಇನ್ನೊಬ್ಬ ಕೋಚ್ ಅನುಭವಸ್ಥರು. ಅವರು ಹೇಳಿದರು: "ಒಗ್ಗಿಕೊಳ್ತಾಳೆ ಬಿಡಿ. ಎರಡು ತಿಂಗಳು ಕೊಡಿ. ನಾವೆಲ್ಲ ಹಾಗೇ ಅಲ್ವಾ ಕಲಿತಿದ್ದು?" ಈ ಮಾತಿನಲ್ಲಿ ಅರ್ಥ ಇತ್ತು. ಹೊಸ ಬ್ಲೇಡ್ ಯಾರಿಗೂ ಮೊದಲ ವಾರವೇ ಕೂರುವುದಿಲ್ಲ. ಹಾಗಾಗಿ ಮೊದಲು ಅದನ್ನೇ ಮಾಡಿದೆವು. ಬುಟ್ಟಿ ತುಂಬ ಚೆಂಡಿಟ್ಟುಕೊಂಡು ಮಲ್ಟಿಬಾಲ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಚೆಂಡು ಕೊಡುವ ಅಭ್ಯಾಸದಲ್ಲಿ, ಬರೀ ಬ್ಯಾಕ್‌ಸ್ಪಿನ್ ಹಾಕಿದೆವು. ಹುಡುಗಿ ಒಂದು ದಿನವೂ ಬೇಡ ಅನ್ನಲಿಲ್ಲ.

ಅವಳು ಒಗ್ಗಿಕೊಂಡಳು. ತಪ್ಪುಗಳ ಸಂಖ್ಯೆ ಇಳಿಯಿತು. ಆದರೆ ಒಗ್ಗಿಕೊಂಡ ರೀತಿ ನೋಡಿ ನನಗೆ ಚಿಂತೆ ಹತ್ತಿತು. ಚಿಕ್ಕ ಪುಶ್ ಮಾಡುವುದನ್ನೇ ಬಿಟ್ಟಳು. ಎಲ್ಲ ಸರ್ವಿಸನ್ನೂ ಉದ್ದಕ್ಕೆ, ಜೋರಾಗಿ ತಳ್ಳಿ ಬ್ಲಾಕ್ ಮಾಡಲು ನಿಲ್ಲುತ್ತಿದ್ದಳು. ಫೋರ್‌ಹ್ಯಾಂಡ್ ಲೂಪ್ ಕಡಿಮೆಯಾಗಿ, ಅದರ ಜಾಗಕ್ಕೆ ಸ್ಪಿನ್ ಇಲ್ಲದ ಚಪ್ಪಟೆ ಏಟು ಬಂತು.

ತಂದೆಯ ಫೋನಿನಲ್ಲಿದ್ದ ಹಳೆ ಪಂದ್ಯದ ವಿಡಿಯೋ ತರಿಸಿ ಹೊಸದರ ಪಕ್ಕ ಇಟ್ಟು ನಿಧಾನವಾಗಿ ಓಡಿಸಿದೆವು. ಹಳೆಯದರಲ್ಲಿ ಲೂಪ್‌ಗೆ ಮೊದಲು ಬ್ಯಾಟ್ ಮಂಡಿಯ ಹತ್ತಿರ ಇಳಿಯುತ್ತದೆ, ಬಲ ಭುಜ ಕೆಳಗೆ ಬಾಗುತ್ತದೆ, ಹೊಡೆತ ಹಣೆಯ ಮುಂದೆ ಮುಗಿಯುತ್ತದೆ. ಹೊಸದರಲ್ಲಿ ಬ್ಯಾಟ್ ಸೊಂಟದಿಂದ ಕೆಳಗೆ ಇಳಿಯುವುದೇ ಇಲ್ಲ, ಎದೆಯ ಮುಂದೆ ನಿಂತುಬಿಡುತ್ತದೆ. ನಾಲ್ಕು ವರ್ಷದಲ್ಲಿ ಕಟ್ಟಿದ ಹೊಡೆತ ಅರ್ಧಕ್ಕೆ ಇಳಿದಿತ್ತು. ಉದ್ದ ಹೊಡೆದರೆ ಚೆಂಡು ಹೊರಗೆ ಹೋಗುತ್ತದೆ ಅಂತ ಕೈ ತಾನಾಗಿ ಕಲಿತಿತ್ತು.

ಈ ಪ್ರಕರಣದ ಮೊದಲ ತಿರುವು ಇದು. ಅಲ್ಲಿಯವರೆಗೆ ನಮ್ಮ ಪ್ರಶ್ನೆ, ಈ ಬ್ಲೇಡನ್ನು ಅವಳು ಯಾವಾಗ ಹಿಡಿತಕ್ಕೆ ತರುತ್ತಾಳೆ ಅನ್ನುವುದಾಗಿತ್ತು. ವಿಡಿಯೋ ನೋಡಿದ ಮೇಲೆ, ಈ ಬ್ಲೇಡ್ ಅವಳಿಗೆ ಯಾವ ಹೊಡೆತ ಕಲಿಸುತ್ತಿದೆ ಅಂತ ಕೇಳಿಕೊಂಡೆವು. ಹದಿನೆಂಟು ವರ್ಷ ದಾಟಿದ, ಹೊಡೆತ ಗಟ್ಟಿಯಾದ ಆಟಗಾರ್ತಿಯಾಗಿದ್ದರೆ ನಾನೂ ಇನ್ನೆರಡು ತಿಂಗಳು ಕಾಯುತ್ತಿದ್ದೆ. ಹದಿಮೂರರಲ್ಲಿ ಕಾಯಲು ಮನಸ್ಸು ಬರಲಿಲ್ಲ.

ಒಂದೊಂದೇ ಬಿಚ್ಚಿ ನೋಡಿದ್ದು

ಈ ನಡುವೆ ತಂದೆ ಅಂಗಡಿಯವರನ್ನು ಕೇಳಿ ಫೋರ್‌ಹ್ಯಾಂಡ್‌ಗೆ ಮೆತ್ತಗಿನ ಸ್ಪಾಂಜಿನ ರಬ್ಬರ್ ಹಾಕಿಸಿದರು. ಸ್ವಲ್ಪ ವಾಸಿ ಅನ್ನಿಸಿತು, ಆಮೇಲೆ ಅನ್ನಿಸಲಿಲ್ಲ. ಅದರಿಂದ ಏನೂ ತೀರ್ಮಾನಿಸಲು ಆಗಲಿಲ್ಲ. ಎಲ್ಲ ಒಂದೇ ದಿನ ಬದಲಾಗಿದ್ದರಿಂದ ತಪ್ಪು ಬ್ಲೇಡಿನದೋ ರಬ್ಬರ್‌ನದೋ ಗೊತ್ತಾಗುತ್ತಿರಲಿಲ್ಲ. ಮೂರನೇ ವಸ್ತು ಸೇರಿಸಿದ್ದರಿಂದ ಗೋಜಲು ಹೆಚ್ಚಿತು ಅಷ್ಟೇ.

ಹಾಗಾಗಿ ಎರಡೂ ಬ್ಯಾಟ್ ಬಿಚ್ಚಿ ಅದಲು ಬದಲು ಮಾಡೋಣ ಅಂದೆ. ಹಳೆ ಬ್ಲೇಡಿಗೆ ಹೊಸ ರಬ್ಬರ್, ಹೊಸ ಬ್ಲೇಡಿಗೆ ಹಳೆ ರಬ್ಬರ್. ಈಗ ಎಲ್ಲರೂ ನೀರಿನ ಅಂಟು ಬಳಸುತ್ತಾರೆ, ಹಾಗಾಗಿ ಇದು ಸುಲಭ. 2008ರಲ್ಲಿ ಸ್ಪೀಡ್ ಗ್ಲೂ (ರಬ್ಬರ್‌ನ ವೇಗ ಹೆಚ್ಚಿಸುತ್ತಿದ್ದ ಅಂಟು) ನಿಷೇಧವಾಗುವ ಮೊದಲು ಆಡಿದವರಿಗೆ ಪ್ರತಿ ಪಂದ್ಯಕ್ಕೂ ಅಂಟು ಹಚ್ಚುವುದು ಅಭ್ಯಾಸವಾಗಿತ್ತು. ಇವತ್ತಿನ ಮಕ್ಕಳಿಗೆ ರಬ್ಬರ್ ಕೀಳುವುದೆಂದರೆ ಭಯ. ಹುಡುಗಿ ಕೈಯಲ್ಲೇ ಕೀಳಿಸಿದೆ. ಹಿಡಿಯ ಕಡೆಯ ಒಂದು ಮೂಲೆಯಿಂದ ಹಿಡಿದು, ಮೇಲಕ್ಕೆ ಎಳೆಯದೆ ಅಡ್ಡಕ್ಕೆ ಓರೆಯಾಗಿ, ಮರದ ಎಳೆಯ ದಿಕ್ಕಿಗೆ ನಿಧಾನವಾಗಿ ಎಳೆಯಬೇಕು. ಹಳೆ ಲಿಂಬಾ ಬ್ಲೇಡಿಗೆ ಯಾರೂ ವಾರ್ನಿಷ್ ಹಚ್ಚಿರಲಿಲ್ಲ. ಅಂಚಿನಲ್ಲಿ ಒಂದು ಸಣ್ಣ ಸೀಳು ರಬ್ಬರ್‌ಗೆ ಅಂಟಿಕೊಂಡು ಎದ್ದೇ ಬಂತು. ಒಣಗಿದ ಅಂಟನ್ನು ಹೆಬ್ಬೆರಳಿಂದ ಉಜ್ಜಿದರೆ ಸುರುಳಿ ಸುರುಳಿಯಾಗಿ ಬಂತು. ಹೊಸ ಅಂಟು ಬಿಳಿ ಬಣ್ಣ ಹೋಗಿ ಪಾರದರ್ಶಕ ಆಗುವವರೆಗೆ ಕಾಯಬೇಕು. ಮಳೆಗಾಲವಾದ್ದರಿಂದ ಅದಕ್ಕೂ ತಡವಾಯಿತು.

ಬ್ಲೇಡುಗಳು ಬರಿಮೈಯಲ್ಲಿದ್ದಾಗ ಹುಡುಗಿಗೆ ಒಂದು ಕೆಲಸ ಕೊಟ್ಟೆ. ಎರಡರ ಮೇಲೂ ಚೆಂಡು ಪುಟಿಸಿ ಸದ್ದು ಕೇಳು ಅಂದೆ. ಲಿಂಬಾ ಬ್ಲೇಡಿನದು ತಗ್ಗಿದ, ಸ್ವಲ್ಪ ಹೊತ್ತು ಉಳಿಯುವ ಸದ್ದು. ಕಾರ್ಬನ್ನಿನದು ಎತ್ತರದ, ಚುಟುಕು ಸದ್ದು. ಬ್ಲೇಡ್ ಗಟ್ಟಿಯಾದಷ್ಟೂ ಸದ್ದು ಎತ್ತರ. "ಸರ್, ಇದು ಕೈಗೆ ಏನೂ ಹೇಳಲ್ಲ" ಅಂದಳು ಕಾರ್ಬನ್ ಹಿಡಿದು. ಚೆಂಡು ಬ್ಯಾಟಿಗೆ ತಾಗಿರುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು. ಕೈಗೆ ಅದು ಗೊತ್ತಾಗುವ ಹೊತ್ತಿಗೆ ಚೆಂಡು ಹೋಗಿರುತ್ತದೆ. ಅಂದರೆ ಫೀಲ್ ಅನ್ನುವುದು ಈಗಿನ ಹೊಡೆತಕ್ಕೆ ಉಪಯೋಗವಿಲ್ಲ, ಮುಂದಿನದನ್ನು ತಿದ್ದಿಕೊಳ್ಳಲು ಬೇಕು. ಕಲಿಯುವ ಮಕ್ಕಳಿಗೆ ಅದು ಎಷ್ಟು ದೊಡ್ಡದು ಅಂತ ಆವತ್ತು ಅವಳ ಮಾತಿನಿಂದ ನನಗೆ ಇನ್ನೂ ಚೆನ್ನಾಗಿ ಮನದಟ್ಟಾಯಿತು.

ಅದಲು ಬದಲು ಮಾಡಿದ ಮೇಲೆ ಸರಳ ಪರೀಕ್ಷೆ. ನಾನು ಚಿಕ್ಕ ಬ್ಯಾಕ್‌ಸ್ಪಿನ್ ಸರ್ವಿಸ್ ಹಾಕುತ್ತೇನೆ, ಅವಳ ಪುಶ್ ನನ್ನ ಕಡೆ ಎರಡು ಸಲ ಪುಟಿಯಬೇಕು. ಆಮೇಲೆ ಉದ್ದ ಬ್ಯಾಕ್‌ಸ್ಪಿನ್, ಅವಳು ಲೂಪ್ ಎತ್ತಬೇಕು.

ಹಳೆ ಬ್ಲೇಡ್, ಹೊಸ ರಬ್ಬರ್: ಮೊದಲ ಅರ್ಧ ಗಂಟೆ ಪುಶ್ ಸ್ವಲ್ಪ ಎತ್ತರ ಹೋಯಿತು, ಆಮೇಲೆ ಹಿಡಿತಕ್ಕೆ ಬಂತು. ಹತ್ತರಲ್ಲಿ ಆರೇಳು ಎರಡು ಸಲ ಪುಟಿದವು. ಲೂಪ್ ಮೊದಲಿಗಿಂತ ಚುರುಕಾಗಿತ್ತು. ಹೊಸ ಬ್ಲೇಡ್, ಹಳೆ ತೆಳು ರಬ್ಬರ್: ಪುಶ್ ಇನ್ನೂ ಉದ್ದ. ಹತ್ತರಲ್ಲಿ ಎರಡು ಮೂರು ನಿಂತರೆ ಹೆಚ್ಚು. ಆದರೆ ಲೂಪ್ ಸುಧಾರಿಸಿತ್ತು!

ಇದು ನಾವು ಯಾರೂ ಎಣಿಸದ ಫಲಿತಾಂಶ. ರಿಸೀವ್ ಕೆಟ್ಟಿದ್ದು ಬ್ಲೇಡಿನಿಂದ, ಅದು ಸ್ಪಷ್ಟ. ಆದರೆ ಲೂಪ್ ಕೆಟ್ಟಿದ್ದು ಬ್ಲೇಡಿನ ವೇಗದಿಂದ ಮಾತ್ರ ಆಗಿದ್ದರೆ ಅದೇ ಬ್ಲೇಡಿನಲ್ಲಿ ರಬ್ಬರ್ ಬದಲಿಸಿದ ಕೂಡಲೇ ಸರಿಹೋಗುತ್ತಿರಲಿಲ್ಲ. ಅಲ್ಲಿ ಇನ್ನೇನೋ ಇತ್ತು.

ಬೆವರಿನ ಕಲೆ

ಉತ್ತರ ಸಿಕ್ಕಿದ್ದು ಹಿಡಿಯ ಮೇಲೆ. ಬ್ಯಾಟ್ ದಿನಾ ಹಿಡಿದರೆ ಹೆಬ್ಬೆರಳು, ತೋರುಬೆರಳು ಕೂರುವ ಜಾಗದಲ್ಲಿ ಮರ ಕಪ್ಪಾಗುತ್ತದೆ. ಹಳೆ ಬ್ಯಾಟಿನಲ್ಲಿ ಆ ಕಲೆ ಹಿಡಿ ಮುಗಿದು ಬ್ಲೇಡ್ ಅಗಲವಾಗುವ ಕತ್ತಿನ ಹತ್ತಿರ, ರಬ್ಬರ್ ಅಂಚಿನ ಕೆಳಗೆ ಇತ್ತು. ಹೊಸದರಲ್ಲಿ ಒಂದು ಬೆರಳಿನಷ್ಟು ಮೇಲೆ ಏರಿತ್ತು. ಬ್ಯಾಕ್‌ಹ್ಯಾಂಡ್ ರಬ್ಬರ್ ಮೇಲೆ ತೋರುಬೆರಳು ಉಜ್ಜಿ ಒಂದು ಹೊಳೆಯುವ ಪಟ್ಟೆ ಬಿದ್ದಿತ್ತು.

ಅಡುಗೆಮನೆಯ ತಕ್ಕಡಿ ತರಿಸಿ ತೂಗಿದೆವು. ಹೊಸ ಬ್ಯಾಟ್, ಮ್ಯಾಕ್ಸ್ ಸ್ಪಾಂಜಿನ ರಬ್ಬರ್ ಸೇರಿ 190 ಗ್ರಾಂ ಸಮೀಪ. ಹಳೆಯದಕ್ಕಿಂತ ಇಪ್ಪತ್ತೈದು ಗ್ರಾಂ ಜಾಸ್ತಿ. ಚೆಂಡಿನ ತೂಕ 2.7 ಗ್ರಾಂ, ಅಂದರೆ ಒಂಬತ್ತು ಚೆಂಡಿನಷ್ಟು. ಕೇಳಲು ಏನೂ ಅಲ್ಲ. ಆದರೆ ಹೆಚ್ಚಿದ ತೂಕದಲ್ಲಿ ಬಹುಪಾಲು ದಪ್ಪ ರಬ್ಬರ್‌ನದು. ರಬ್ಬರ್ ಇರುವುದು ಬ್ಯಾಟಿನ ತಲೆಯಲ್ಲಿ, ಹಿಡಿಯಲ್ಲಿ ಅಲ್ಲ. ತಲೆ ಭಾರವಾದಾಗ ಅವಳ ಕೈ ತಾನಾಗಿ ಮೇಲೆ ಜರುಗಿ, ಭಾರವನ್ನು ಹತ್ತಿರಕ್ಕೆ ತಂದುಕೊಂಡಿತ್ತು. ತೋರುಬೆರಳು ರಬ್ಬರ್ ಮೇಲೆ ಏರಿದರೆ ಬ್ಯಾಕ್‌ಹ್ಯಾಂಡ್ ಬ್ಲಾಕ್ ಗಟ್ಟಿಯಾಗುತ್ತದೆ. ಫೋರ್‌ಹ್ಯಾಂಡ್‌ಗೆ ಮಣಿಕಟ್ಟು ತಿರುಗುವುದಿಲ್ಲ. ಬ್ಲಾಕ್ ಚೆನ್ನಾಗಿದ್ದು ಲೂಪ್ ಕೆಟ್ಟಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಹೊಸ ಬ್ಲೇಡಿನ ಹಿಡಿಯೂ ದಪ್ಪವಾಗಿತ್ತು. ಹಳೆಯದು ನೇರ ಹಿಡಿ, ತೆಳು. ಹೊಸದು ಕೆಳಗೆ ಅಗಲವಾಗುವ ಫ್ಲೇರ್ಡ್ ಹಿಡಿ. ಅವಳ ಅಂಗೈ ಚಿಕ್ಕದು. ಮೇಲೆ ಜರುಗಲು ಅದೂ ಒಂದು ಕಾರಣ ಇರಬೇಕು.

ವೇಗ, ಕಂಟ್ರೋಲ್, ಫೀಲ್ ಅಂತ ಮೂರು ಮಾತು ಹಿಡಿದು ನಾವು ಬ್ಲೇಡ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ತೂಕ, ಹಿಡಿ ಎರಡನ್ನೂ ಕೊನೆಗೆ ನೆನೆಯುತ್ತೇವೆ. ಮಕ್ಕಳ ವಿಷಯದಲ್ಲಿ ಅವನ್ನೇ ಮೊದಲು ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೂರು ಬ್ಲೇಡ್, ಹೆಸರಿಲ್ಲದೆ

ಹಳೆ ಬ್ಲೇಡಿಗೆ ಹೊಸ ರಬ್ಬರ್ ಹಾಕಿ ಮುಗಿಸಬಹುದಿತ್ತು. ಆದರೆ ಸ್ಪಾಂಜ್ ದಪ್ಪ ಇಟ್ಟರೆ ತಲೆಭಾರದ ತೊಂದರೆ ಉಳಿಯುತ್ತಿತ್ತು. ಸೀಳು ಎದ್ದು ಬ್ಲೇಡೂ ಸವೆದಿತ್ತು. ದೊಡ್ಡ ಹುಡುಗಿಯರ ಬ್ಲಾಕ್ ದಾಟುವ ಪ್ರಶ್ನೆಯೂ ಹಾಗೇ ಇತ್ತು. ಆ ಕೊರತೆಯನ್ನು ಕಂಡ ತಂದೆಯ ಕಣ್ಣು ಸರಿಯಾಗೇ ಇತ್ತು.

ಕ್ಲಬ್‌ನವರಿಂದ ಮೂರು ಬ್ಲೇಡ್ ಎರವಲು ತಂದೆವು. ಒಂದು ಐದು ಪದರದ ಮರದ್ದು, ಆಫ್ ಮೈನಸ್ ವರ್ಗ. ಹಳೆಯದರ ಜಾತಿಯೇ, ಸ್ವಲ್ಪ ದಪ್ಪ. ಇನ್ನೊಂದು ಏಳು ಪದರದ ಮರದ್ದು, ಗಟ್ಟಿ. ಮೂರನೆಯದು ನಾರು ಒಳಗಿರುವ ಕಾರ್ಬನ್. ಮೂರಕ್ಕೂ ಒಂದೇ ಜಾತಿಯ ರಬ್ಬರ್. ಅಂಚಿಗೆ ಟೇಪ್ ಸುತ್ತಿದರೆ ಪದರ ಕಾಣುವುದಿಲ್ಲ. ಹಿಡಿಗೆ ಗ್ರಿಪ್ ಟೇಪ್ ಸುತ್ತಿದರೆ ಹೆಸರು ಕಾಣುವುದಿಲ್ಲ. ಯಾವುದು ದುಬಾರಿ ಅಂತ ಗೊತ್ತಿದ್ದರೆ ಮಕ್ಕಳ ಕೈ ಬೇರೆ ಥರ ಆಡುತ್ತದೆ. ದೊಡ್ಡವರದ್ದೂ ಅಷ್ಟೇ.

ಪರೀಕ್ಷೆಯ ಕ್ರಮವನ್ನು ತಿರುಗಿಸಿ ಇಟ್ಟೆ. ಸಾಮಾನ್ಯವಾಗಿ ಹೊಸ ಬ್ಯಾಟ್ ಸಿಕ್ಕರೆ ಮೊದಲು ಫೋರ್‌ಹ್ಯಾಂಡ್ ಡ್ರೈವ್, ಆಮೇಲೆ ಸ್ಮ್ಯಾಶ್. ಇಲ್ಲಿ ಮೊದಲು ಚಿಕ್ಕ ಪುಶ್, ಆಮೇಲೆ ಉದ್ದ ಪುಶ್, ಫ್ಲಿಕ್ (ಚಿಕ್ಕ ಚೆಂಡನ್ನು ಮಣಿಕಟ್ಟಿನಿಂದ ಚಿಮ್ಮಿಸುವುದು), ನಿಧಾನ ಲೂಪ್, ಬ್ಲಾಕ್. ಜೋರು ಹೊಡೆತ ಎಲ್ಲಕ್ಕಿಂತ ಕೊನೆಗೆ. ಜೋರು ಹೊಡೆತದಲ್ಲಿ ಎಲ್ಲ ಬ್ಲೇಡೂ ಚೆನ್ನಾಗಿರುತ್ತವೆ. ಅತಿ ಮೆತ್ತಗಿನ ಹೊಡೆತದಲ್ಲಿ ಕೈಯಲ್ಲಿ ನಿಲ್ಲುವ ಬ್ಲೇಡುಗಳು ಕೆಲವೇ, ಅವುಗಳಲ್ಲಿ ಅತಿ ವೇಗದ್ದನ್ನು ಆರಿಸಬೇಕು. ನಾನು ಈಗ ಎಲ್ಲರಿಗೂ ಹೇಳುವ ಕ್ರಮ ಇದು.

ಏಳು ಪದರದ್ದು ಬ್ಲಾಕ್‌ನಲ್ಲಿ ಎಲ್ಲಕ್ಕಿಂತ ಚೆನ್ನಾಗಿತ್ತು. ಆದರೆ ಲೂಪ್‌ನಲ್ಲಿ ಅವಳು ಮತ್ತೆ ಹೊಡೆತ ಚಿಕ್ಕದು ಮಾಡಿದಳು. ಅದನ್ನು ಅಲ್ಲಿಗೇ ಬಿಟ್ಟೆವು. ಐದು ಪದರದ್ದೂ ಒಳಗಿನ ಕಾರ್ಬನ್ನೂ ಪುಶ್‌ನಲ್ಲಿ ಹೆಚ್ಚು ಕಡಿಮೆ ಸಮ. ಅವಳಿಗೆ ಹೆಚ್ಚು ಇಷ್ಟವಾದದ್ದು ಒಳಗಿನ ಕಾರ್ಬನ್. "ಇದು ಮೆತ್ತಗೂ ಇದೆ, ಬೇಕಾದಾಗ ಹೋಗುತ್ತೆ" ಅಂದಳು. ಇದು ಏನು ಅಂತ ಅವಳಿಗೆ ಗೊತ್ತಿರಲಿಲ್ಲ. ಅವಳ ಕೈ ನಿಜ ಹೇಳುತ್ತಿತ್ತು.

ನಿರ್ಧಾರ ಕಷ್ಟವಾದದ್ದು ಇಲ್ಲಿ. ಪಾಯಿಂಟ್ ಗೆಲ್ಲಲು ಒಳಗಿನ ಕಾರ್ಬನ್ ಚೆನ್ನಾಗಿತ್ತು. ಆದರೆ ನಿಧಾನ ಲೂಪ್‌ನ ವಿಡಿಯೋ ನೋಡಿದಾಗ ಬ್ಯಾಟ್ ಮಂಡಿವರೆಗೆ ಇಳಿದದ್ದು ಐದು ಪದರದ್ದರಲ್ಲಿ ಮಾತ್ರ. ಒಳಗಿನ ಕಾರ್ಬನ್ನಿನಲ್ಲಿ ಇಳಿಯುತ್ತಿತ್ತು, ಸುಸ್ತಾದಾಗ ಮತ್ತೆ ಸೊಂಟಕ್ಕೇ ನಿಲ್ಲುತ್ತಿತ್ತು. ಎರವಲು ತಂದ ಆ ಬ್ಲೇಡ್ ಎಂಟು ಗ್ರಾಂ ಭಾರವೂ ಇತ್ತು. ಇನ್ನೊಬ್ಬ ಕೋಚ್ ಅದನ್ನೇ ಕೊಡೋಣ ಅಂದರು. ನಾನು ಮರದ್ದು ಅಂದೆ. ಕೊನೆಗೆ ಒಂದು ವರ್ಷದ ಮಾತು ಅಂತ ಇಬ್ಬರೂ ಒಪ್ಪಿ ಮರದ್ದಕ್ಕೆ ಹೋದೆವು.

ತಂದೆಗೆ ಹೇಳುವುದು ಸುಲಭ ಇರಲಿಲ್ಲ. "ಸರ್, ಅಷ್ಟು ದುಡ್ಡು ಕೊಟ್ಟು ತಂದಿದ್ದು ಸುಮ್ನೆ ಬ್ಯಾಗಲ್ಲಿ ಇರ್ಬೇಕಾ?" ಅಂದರು. ಬೇಸರ ನ್ಯಾಯವಾದದ್ದೇ. ಎರಡು ವಿಡಿಯೋಗಳನ್ನೂ ಪಕ್ಕಪಕ್ಕ ತೋರಿಸಿದೆ. ಮಗಳ ಭುಜ ಎಲ್ಲಿ ನಿಂತಿದೆ ಅಂತ ಅವರೇ ಬೆರಳಿಟ್ಟು ಅಳೆದರು. ಆಮೇಲೆ ಮಾತಾಡಲಿಲ್ಲ, ಒಪ್ಪಿದರು.

ಕೊಳ್ಳುವಾಗ ಒಂದು ಕೆಲಸ ಮಾಡಿದೆವು. ಮರ ಅಂದ ಮೇಲೆ ಒಂದೇ ಮಾಡೆಲ್‌ನ ಎರಡು ಬ್ಲೇಡ್ ಒಂದೇ ತೂಕ ಇರುವುದಿಲ್ಲ, ಹಲವು ಗ್ರಾಂ ಹೆಚ್ಚು ಕಡಿಮೆ ಇರುತ್ತವೆ. ತೂಗಿಸಿ 82 ಗ್ರಾಂ ಇರುವುದನ್ನೇ ಕೇಳಿ ತರಿಸಿದೆವು. ನೇರ ಹಿಡಿ. ಫೋರ್‌ಹ್ಯಾಂಡ್‌ಗೆ ಹೊಸ ರಬ್ಬರ್, ಸ್ಪಾಂಜ್ 2.0. ಬ್ಯಾಕ್‌ಹ್ಯಾಂಡ್‌ಗೆ 1.8. ರಬ್ಬರ್ ಹಾಕುವ ಮೊದಲು ತೆಳುವಾಗಿ ಒಂದು ಕೈ ವಾರ್ನಿಷ್. ಒಟ್ಟು ತೂಕ 172ರ ಹತ್ತಿರ ಬಂತು.

ಆಮೇಲೆ ಏನಾಯಿತು

ಪುಶ್ ಬೇಗ ವಾಪಸ್ ಬಂತು. ಎರಡು ವಾರದಲ್ಲಿ ಹಳೆ ನೆಮ್ಮದಿ ಅವಳ ರಿಸೀವ್‌ನಲ್ಲಿ ಕಂಡಿತು. ಬೆರಳು ಕೆಳಗೆ ಇಳಿಯಿತು. ಲೂಪ್ ಬರಲು ತುಂಬ ಸಮಯ ಹಿಡಿಯಿತು. ಕಲಿತದ್ದನ್ನು ಬಿಡುವುದು ಕಲಿಯುವುದಕ್ಕಿಂತ ನಿಧಾನ. ಮೂರು ತಿಂಗಳಾದರೂ ಗೇಮ್ ಕೊನೆಗೆ ಬಂದು ಸ್ಕೋರ್ 9-9 ಆದಾಗ ಅವಳು ಚಪ್ಪಟೆ ಏಟಿಗೇ ಹೋಗುತ್ತಿದ್ದಳು. ಕಾರ್ಬನ್ನಿನಲ್ಲಿ ಬಂದಿದ್ದ ಬ್ಲಾಕ್‌ನ ಗಟ್ಟಿತನ ಸ್ವಲ್ಪ ಹೋಯಿತು, ಅದು ನಾವು ತೆತ್ತ ಬೆಲೆ. ಜೋರು ಹೊಡೆತಗಾರ್ತಿಯರ ಎದುರು ಅವಳ ಬ್ಲಾಕ್ ಈಗಲೂ ಹಿಂದೆ ಬೀಳುತ್ತದೆ.

ಮುಂದಿನ ರಾಜ್ಯ ಮಟ್ಟದ ಪಂದ್ಯದಲ್ಲಿ ಹಿಂದಿನ ಸಲದ ಸುತ್ತಿನಲ್ಲೇ ಸೋತಳು. ಆದರೆ ಸೋತ ಬಗೆ ಬೇರೆ. ಎದುರಾಳಿ ತನ್ನ ಚಿಕ್ಕ ಸರ್ವಿಸ್ ಬಿಟ್ಟು ಉದ್ದ ಸರ್ವಿಸ್ ಹಾಕಬೇಕಾಯಿತು, ಯಾಕೆಂದರೆ ಚಿಕ್ಕದು ಹಾಕಿದರೆ ಅಷ್ಟೇ ಚಿಕ್ಕದು ವಾಪಸ್ ಬರುತ್ತಿತ್ತು. ಲೂಪ್‌ಗಳಲ್ಲಿ ಕೆಲವು ಬ್ಲಾಕ್ ದಾಟಿ ಹೋದವು. ಅದಕ್ಕೆ ಹೊಸ ರಬ್ಬರ್‌ನ ಪಾಲು ಎಷ್ಟು, ಅವಳು ಒಂದು ವರ್ಷ ದೊಡ್ಡವಳಾದದ್ದರ ಪಾಲು ಎಷ್ಟು ಅಂತ ಬೇರ್ಪಡಿಸುವುದು ಆಗದ ಕೆಲಸ.

ಇದೇ ಸಮಸ್ಯೆ ಇರುವವರು ಹಳೆ ಬ್ಯಾಟ್ ಮಾರಬೇಡಿ. ಹೋಲಿಸಿ ನೋಡಲು ಅದೊಂದೇ ಆಧಾರ. ಬ್ಲೇಡ್ ಬದಲಿಸಿದ ದಿನ ರಬ್ಬರ್ ಬದಲಿಸಬೇಡಿ. ಪಂದ್ಯದಲ್ಲಿ ಪುಶ್ ಎಲ್ಲಿ ಬೀಳುತ್ತಿದೆ ಅಂತ ಯಾರಾದರೂ ಕೂತು ಬರೆದುಕೊಳ್ಳಲಿ. ದೊಡ್ಡ ಆಟಗಾರರು ಹೊರಗಿನ ಕಾರ್ಬನ್ನಿನಲ್ಲೇ ನೆಟ್ ಪಕ್ಕ ಚೆಂಡು ಬೀಳಿಸುತ್ತಾರಲ್ಲ ಅಂತ ಕೇಳುವವರಿದ್ದಾರೆ. ಬೀಳಿಸುತ್ತಾರೆ, ಗಟ್ಟಿ ಬ್ಲೇಡ್ ಪಳಗಿದ ಕೈಗೆ ಬಹಳ ಶುದ್ಧವಾದ ಚಿಕ್ಕ ಚೆಂಡು ಕೊಡುತ್ತದೆ. ಆ ಕೈ ಬಂದಿದೆಯೇ ಅಂತ ತಿಳಿಯಲು ಎರಡು ಪುಟಿತದ ಪರೀಕ್ಷೆ ಸಾಕು.

ಕಾರ್ಬನ್ ಬ್ಲೇಡನ್ನು ರಬ್ಬರ್ ಕಿತ್ತು, ಬಟ್ಟೆ ಸುತ್ತಿ, ತೇವ ತಾಗದ ಹಾಗೆ ಬೀರುವಿನಲ್ಲಿ ಇಟ್ಟಿದ್ದಾರೆ. ಒಪ್ಪಿಕೊಂಡ ಒಂದು ವರ್ಷ ಮುಗಿದ ಮೇಲೆ ಮೊದಲು ಬ್ಯಾಕ್‌ಹ್ಯಾಂಡ್ ಸ್ಪಾಂಜ್ 2.0ಕ್ಕೆ ಏರಿಸುತ್ತೇವೆ. ಅದು ಕೂತ ಮೇಲೆ ಒಳಗಿನ ಕಾರ್ಬನ್, 85 ಗ್ರಾಂ ಮೀರದ್ದು, ಇದೇ ರಬ್ಬರ್‌ಗಳ ಜೊತೆ. ಹೊರಗಿನ ಕಾರ್ಬನ್ನಿನ ಸರದಿ ಅದಾದ ಮೇಲೆ, ಹುಡುಗಿ ಕೇಳಿದರೆ.